ಬರ್ತೀನಿ ಎನ್ನದ ಹೂವಪ್ಪ

ಸೀತೂರಿನ ಹೂವಪ್ಪ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನುತ್ತಿದ್ದ. ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ. ಕೊಪ್ಪಕ್ಕೆ ಹೊರಟವನಿರಲಿ, ಹಿತ್ತಿಲಿಗೆ ಸೊಪ್ಪು ಕೊಯ್ಯಲು ಹೊರಟವನಿರಲಿ, ‘ಬರ್ತೀನಿ’ ಎಂದೇ ಹೊಸಿಲು ದಾಟಬೇಕು. ಮತ್ತೆ ಬಾರದಂತೆ ಹೋಗುವುದು ಹೆಣ ಒಂದೇ, ಅದಕ್ಕೆ ಹೇಳಿ ಹೋಗಲು ಬಾಯಿಯಿಲ್ಲ.

ಹೆಂಡತಿ ಜಲಜಮ್ಮನಿಗೆ ದಿನವೂ ಎದೆ ಧಸಕ್ಕೆನ್ನುತ್ತಿತ್ತು. “ಬಾಗ್ಲಲ್ಲಿ ನಿಂತು ಎಂತಕ್ಕೆ ಆ ಮಾತು ಆಡ್ತೀರಿ ಮಾರಾಯ್ರೆ?” ಎಂದು ಬೈದಳು, ಅತ್ತಳು, ದೇವರಿಗೆ ಹರಕೆ ಹೊತ್ತಳು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು, ರಜೆ ಮುಗಿಸಿ ಹೊರಡುವಾಗೆಲ್ಲ ಬಾಯಿ ತುಂಬ ‘ಬರ್ತೀನಿ’ ಎಂದ ಗಂಡಸು. ನಿವೃತ್ತನಾಗಿ ಬಂದ ಮೇಲೆ ಏನು ರೋಗ ಬಡಿಯಿತೋ ಅವಳಿಗೆ ತಿಳಿಯಲಿಲ್ಲ. ಅವನೂ ಹೇಳಲಿಲ್ಲ.

ಅದು ಆಫ್ರಿಕಾದಿಂದ ಬಂದ ರೋಗ. ದೊಡ್ಡ ದೊಡ್ಡ ದೇಶದವರು ಮೇಜಿನ ಸುತ್ತ ಕೂತು ಶಾಂತಿ ಎಂದು ಬರೆದು ಸಹಿ ಹಾಕುತ್ತಾರೆ; ಅದನ್ನು ಕಾಯುವುದಕ್ಕೆ ಮಾತ್ರ ಸೀತೂರಿನ ಹೂವಪ್ಪ ಹೋಗಬೇಕು. 2006ರಲ್ಲಿ ಹವಾಲ್ದಾರ್ ಹೂವಪ್ಪ ಶಾಂತಿಪಡೆಯ ನೀಲಿ ಟೋಪಿ ಹಾಕಿಕೊಂಡು, ಒಳಜಗಳದಲ್ಲಿ ಬೆಂದು ಹೋದ ಒಂದು ದೇಶದ ಗುಡ್ಡದೂರಿಗೆ ಕಾವಲಿಗೆ ಹೋದ. ಎಷ್ಟೋ ವರ್ಷಗಳ ಮೇಲೆ ಅಲ್ಲಿ ಚುನಾವಣೆ ನಡೆಯುವುದಿತ್ತು. ಓಟು ಹಾಕಿದವರನ್ನು ಬಿಡುವುದಿಲ್ಲ ಎಂದು ಕಾಡಿನ ಬಂದೂಕಿನವರು ಹೇಳಿ ಕಳಿಸಿದ್ದರು.

ಆ ಊರಲ್ಲಿ ಹೆಂಗಸರನ್ನು ಮಾಮಾ ಎಂದು ಕರೆಯುತ್ತಾರೆ. ಮೀಸೆಯಿಲ್ಲದ ಮಾಮ ಎಂದು ಹೂವಪ್ಪ ಒಳಗೊಳಗೇ ನಕ್ಕಿದ್ದ. ಮಾಮಾ ಫುರಾಹಾ ಬಾವಿಯ ಪಕ್ಕದ ಮನೆಯವಳು, ಊರಿನ ಹೆಂಗಸರಿಗೆಲ್ಲ ಹಿರಿಯಳು. ಗಸ್ತು ಮುಗಿಸಿ ಹೊರಡುವಾಗ ಹೂವಪ್ಪ ಅಭ್ಯಾಸಬಲದಿಂದ ಕೈಮುಗಿದು ‘ಬರ್ತೀನಿ’ ಎನ್ನುತ್ತಿದ್ದ. ಹೂವಪ್ಪ ಎನ್ನಲು ನಾಲಿಗೆ ಹೊರಳದ ಆ ಊರು ಅವನಿಗೆ ‘ಬರ್ತೀನಿ’ ಎಂದೇ ಹೆಸರಿಟ್ಟಿತು. ಹಾಗೆಂದರೇನು ಎಂದು ಒಮ್ಮೆ ಫುರಾಹಾ ದುಭಾಷಿಯ ಮೂಲಕ ಕೇಳಿಸಿದಳು. ನಾನು ಮತ್ತೆ ಬರುತ್ತೇನೆ ಎಂದರ್ಥ ಎಂದು ಹೂವಪ್ಪ ಹೇಳಿದ. ಅದು ಬರೀ ಹೊರಡುವಾಗಿನ ಮಾತು, ವಾಪಸ್ ಬಾರದವರೂ ಹಾಗೇ ಹೇಳುತ್ತಾರೆ ಎಂದು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯಲು ಕಾರಣವೂ ಇರಲಿಲ್ಲ.

ಓಟು ನಡೆಯಿತು. ಮರುದಿನವೇ ಕಾವಲು ತೆಗೆದು ಬೇರೆ ಕಡೆ ಹೋಗಲು ಆಜ್ಞೆ ಬಂತು. ಲಾರಿ ಹೊರಡುವಾಗ ಫುರಾಹಾ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ನಿಂತಿದ್ದಳು. ಅವಳ ಹಿಂದೆ ಇನ್ನಷ್ಟು ಜನ, ಇನ್ನಷ್ಟು ಗಂಟು. ಗುಡ್ಡದಾಚೆಯ ನಿರಾಶ್ರಿತರ ಶಿಬಿರಕ್ಕೆ ಹೊರಡುವುದೋ, ಇರುವುದೋ ಎಂಬ ಗೊಂದಲ ಅವರದು. ದುಭಾಷಿ ಮುಂದಿನ ಗಾಡಿಯಲ್ಲಿದ್ದ. ಹೂವಪ್ಪ ಕೈಮುಗಿದು ‘ಬರ್ತೀನಿ’ ಎಂದ.

ಫುರಾಹಾ ನಕ್ಕಳು. ಗಂಟನ್ನು ಕೆಳಗಿಳಿಸಿದಳು. ಹಿಂದಿದ್ದವರೂ ಇಳಿಸಿದರು. ಶಾಯಿ ಹಚ್ಚಿದ ಬೆರಳೆತ್ತಿ ಅವಳೂ ‘ಬರ್ತೀನಿ’ ಎಂದು ಕೂಗಿದಳು. ಹೂವಪ್ಪ ಲಾರಿಯಿಂದ ಕೈಬೀಸಿದ.

ಮೂರನೇ ದಿನ ಸುದ್ದಿ ಬಂತು. ಬೆರಳು ನೋಡಿ ನೋಡಿ ಕೊಂದಿದ್ದರು. ಬಾವಿಯ ಸುತ್ತಿನ ಮನೆಗಳಲ್ಲಿ ಯಾರೂ ಉಳಿದಿರಲಿಲ್ಲ. ಆ ಸಂಜೆಯಿಂದ ಹೂವಪ್ಪನಿಗೆ ಅವಳ ದನಿ ಕೇಳತೊಡಗಿತು. ಅವಳು ಆವತ್ತು ತನ್ನನ್ನು ಹೆಸರು ಹಿಡಿದು ಕರೆದಳೋ, ಮಾತಿಗೆ ಮಾತು ಕೊಟ್ಟಳೋ ಅವನಿಗೆ ಬಗೆಹರಿಯಲಿಲ್ಲ.

2008ರ ವಿಧಾನಸಭಾ ಚುನಾವಣೆಗೆ ನಮ್ಮಲ್ಲೂ ಶೃಂಗೇರಿ ಕಡೆಯ ಕಾಡಂಚಿನ ಒಂದು ಹಾಡಿಯಲ್ಲಿ, ಓಟು ಬಹಿಷ್ಕರಿಸಿ ಎಂಬ ಕಾಡಿನ ನಕ್ಸಲರ ಕರಪತ್ರಗಳು ಮರಕ್ಕಂಟಿದವು. ಅಲ್ಲಿನವರಿಗೆ ಧೈರ್ಯ ಹೇಳಲು ಚುನಾವಣೆಯ ಅಧಿಕಾರಿಯೊಬ್ಬರು ಮಾಜಿ ಸೈನಿಕ ಎಂದು ಹೂವಪ್ಪನನ್ನು ಕರೆದೊಯ್ದರು. ಹಾಡಿಯ ಹಿರಿಯ ಬೂತಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ. “ಓಟು ಹಾಕ್ತೀವಿ ಸ್ವಾಮಿ. ಮಾರನೇ ದಿನ ನೀವೆಲ್ಲ ಇರ್ತೀರಾ?”

ಅಧಿಕಾರಿ ನಗುತ್ತ, ಬರ್ತಾ ಇರ್ತೀವಿ ಎಂದರು. ಹೂವಪ್ಪ ನಡುವೆ ಬಾಯಿ ಹಾಕಿದ.

“ಬರಲ್ಲ ಬೂತಪ್ಪ,” ಎಂದ. “ಸಂಜೆಗೆ ಜೀಪು ಹೋಗ್ತದೆ. ಪೊಲೀಸರೂ ಹೋಗ್ತಾರೆ. ಅದು ತಿಳ್ಕೊಂಡೇ ತೀರ್ಮಾನ ಮಾಡು.”

ಧೈರ್ಯ ಹೇಳಲು ಕರೆತಂದರೆ ಹೆದರಿಸುತ್ತಾನಲ್ಲ ಈ ಮನುಷ್ಯ ಎಂದು ಅಧಿಕಾರಿ ದಾರಿಯುದ್ದಕ್ಕೂ ಸಿಡಿದರು. ಆದರೂ ಓಟಿನ ದಿನ ಹಾಡಿಯಿಂದ ಹನ್ನೊಂದು ಜನ ಬಂದರು. ನಿಜ ಹೇಳಿದವನ ಮುಖ ನೋಡಿ ಬಂದೆವು ಎಂದ ಬೂತಪ್ಪ. ಸಂಜೆ ಜೀಪು ಹೊರಟಿತು. ಹೂವಪ್ಪ ಹತ್ತಲಿಲ್ಲ. ಬೂತಪ್ಪನ ಜಗುಲಿಯ ಮೇಲೆ ಒಂಬತ್ತು ದಿನ, ಬೆತ್ತವೊಂದನ್ನು ಪಕ್ಕಕ್ಕಿಟ್ಟುಕೊಂಡು, ದಾರಿ ನೋಡುತ್ತ ಕೂತ.

ಯಾರೂ ಬರಲಿಲ್ಲ. ಕಾಡಿನವರು ಬೈಗುಳ ಕೂಡ ಕಳಿಸಲಿಲ್ಲ. ಹತ್ತನೇ ದಿನ ಬೂತಪ್ಪ, ಮನೆಯವರು ಕಾಯ್ತಿರ್ತಾರೆ, ಇನ್ನು ಹೋಗಿ ಬನ್ನಿ ಎಂದು ಬಾಳೆಗೊನೆ ಕೊಟ್ಟು ಕಳಿಸಿದ. ಕೆಳಗಿನ ಬೇಗಾರು ಊರಿಗೆ ಇಳಿಯುವ ದಾರಿಯಲ್ಲಿ ಹೂವಪ್ಪ ಗೊನೆಯನ್ನು ಪಕ್ಕಕ್ಕಿಟ್ಟು ಅತ್ತ. ಇಲ್ಲಿ ಒಂಬತ್ತು ದಿನ ಕೂತವನು ಅಲ್ಲಿ ಮೂರು ದಿನ ಕೂತಿದ್ದರೆ ಸಾಕಿತ್ತು. ಆಜ್ಞೆ ಮೀರಲಾಗದು, ಅದು ಅವನಿಗೂ ಗೊತ್ತು. ಆ ಒಂದು ಮಾತನ್ನಾದರೂ ಆಡದೆ ಹೋಗಿದ್ದರೆ ಅವರು ಗಂಟು ಹೊತ್ತು ಗುಡ್ಡ ದಾಟುತ್ತಿದ್ದರು.

ಮನೆಗೆ ಬಂದು ಜಲಜಮ್ಮನಿಗೆ ಎಲ್ಲ ಹೇಳಿದ. ಅವಳು ಒಲೆ ಆರಿಸಿ ಬಂದು ಎದುರು ಕೂತಳು.

“ಅವಳ ದನಿ ಈಗ್ಲೂ ಕೇಳ್ತದಾ?”

“ದಿನಾ ಸಂಜೆ. ಬಾಗ್ಲ ಹತ್ರ.”

“ಎಂತ ಅಂತಾಳೆ?”

“ಬರ್ತೀನಿ ಅಂತಾಳೆ.”

ಆಮೇಲೆ ಜಲಜಮ್ಮ ಅವನನ್ನು ಬೈಯಲಿಲ್ಲ. ಕಡಹಿನಬೈಲಿನ ತವರಿಗೆ ಹೊರಟಾಗ ಅವಳೂ ಹೊಸಿಲಲ್ಲಿ ನಿಂತು, ನಾಲಿಗೆಯ ಮೇಲಿದ್ದ ಮಾತನ್ನು ನುಂಗಿ, ಸುಮ್ಮನೆ ಮೆಟ್ಟಿಲಿಳಿದಳು. ಆ ಮನೆಯಲ್ಲಿ ‘ಬರ್ತೀನಿ’ ಎನ್ನುವವಳು ಈಗ ಒಬ್ಬಳೇ, ಮತ್ತು ಅವಳು ದಿನಾ ಸಂಜೆ ತಪ್ಪದೆ ಬರುತ್ತಾಳೆ.