ಬೋಟು ಹತ್ತಲೊಲ್ಲದ ಆಯಿ

"ಏಳ ಬೇ ಆಯಿ! ಹೊಳಿ ಬಾಗಲ ಹೊಚ್ಚಲ ತನಾ ಬಂತು!"

"ಬರಲೊಲ್ಲೆ. ನನ್ನ ಹಪ್ಪಳಾ ಇನ್ನ ಒಣಗಿಲ್ಲ."

ಕೃಷ್ಣೆಯ ದಂಡೆಯ ಜುಗೂಳದ ಅಂಗನವಾಡಿಯಲ್ಲಿ ಎಳೆಬಿಸಿಲಿಗೇ ಜಗಳ ಶುರುವಾಗಿದೆ. ಕಸ ಗುಡಿಸಿ, ನೀರು ತುಂಬಿ, ಮನೆಮನೆ ತಿರುಗಿ ಮಕ್ಕಳನ್ನು ಎಬ್ಬಿಸಿ ಕರೆತಂದ ಸಹಾಯಕಿ ಹೊಳೆವ್ವ ಈಗ ನೆಲಕ್ಕೆ ಅಂಟಿಕೊಂಡು ಕೂತಿದ್ದಾರೆ. ಆಟದಲ್ಲಿ ಹಾಸಿದ ಜಮಖಾನವೇ ಬೋಟು, ಹೊಳೆವ್ವನೇ ಆಯಿ. ಮಕ್ಕಳೆಲ್ಲ ಹತ್ತಿಯಾಗಿದೆ. ಈ ಮೊಂಡು ಮುದುಕಿ ಮಾತ್ರ ಹತ್ತಲೊಲ್ಲಳು.

"ಹೊಳಿಗೆ ನಾಳೆ ಬಾ ಅನ್ರಿ."

"ಹೊಳಿ ಮಾತ ಕೇಳ್ತೈತೇನ ಬೇ ಹುಚ್ಚಿ!" ಎಂದು ಐದು ವರ್ಷದ ಉಜ್ವಲಾ ಹಣೆ ಬಡಿದುಕೊಳ್ಳುತ್ತಾಳೆ. ಒಯ್ಯುವ ಸಾಮಾನು ಎಣಿಸು ಎಂದರೆ ಆಯಿ ಕಸಬರಿಗೆ, ತಂಬಿಗೆ, ಹರಿದ ಮೊರ ಮುಂದಿಟ್ಟು "ಒಂದು, ಎರಡು, ನಾಕು" ಎನ್ನುತ್ತಾಳೆ. "ಮೂರು!" ಎಂದು ಕಿರುಚಿ ಕಿರುಚಿ ಹೈರಾಣಾದ ಮಕ್ಕಳು ಕೊನೆಗೆ ಕೈಕಾಲು ಹಿಡಿದು ದರದರ ಎಳೆದು ಜಮಖಾನಕ್ಕೆ ಕೆಡವುತ್ತಾರೆ. ಆಮೇಲೆ ನಗುವೋ ನಗು. ಹೊಳೆವ್ವ ಸೆರಗಿನ ಹರಕು ನೋಡಿಕೊಂಡು ಗೊಣಗುತ್ತಾರೆ: "ದಿನಾ ಹೊಲದ ಹೊಲದ ಸಾಕಾತ್ರಲೇ. ಏನ್ ಮಕ್ಕಳೋ, ಏನ್ ಮಂಗ್ಯಾಗಳೋ!"

ಕೃಷ್ಣೆ ಮೈತುಂಬಿ ಬಂದ ವರ್ಷ ಇಲ್ಲಿನ ತಗ್ಗಿನ ಮನೆಗಳವರು ಬೋಟು ಹತ್ತಿ ಕಾಳಜಿ ಕೇಂದ್ರಕ್ಕೆ ಹೋಗಲೇಬೇಕು. ಎರಡು ಮಳೆಗಾಲದ ಹಿಂದೆ ಉಜ್ವಲಾ ಚೀರಿದ ಚೀರಾಟಕ್ಕೆ ಬೋಟು ಮಗುಚುವುದೊಂದು ಬಾಕಿಯಿತ್ತು. ನೀರು ಇಳಿದರೂ ಹುಡುಗಿ ಬಾಯಿ ಬಿಡಲಿಲ್ಲ. ಬಚ್ಚಲಿನ ಬಕೆಟ್ ಕಂಡರೂ ಅಜ್ಜನ ಧೋತರ ಹಿಡಿದು ನಡುಗುತ್ತಿದ್ದಳು. ಇನ್ನೊಮ್ಮೆ ನೀರು ಬಂದರೆ ಇವಳನ್ನು ಹತ್ತಿಸುವುದು ಹೇಗೆ ಎಂಬ ಚಿಂತೆ ಹೊಳೆವ್ವನ ತಲೆ ಕೊರೆಯಿತು.

"ಸಮಾಧಾನ ಮಾಡಿದ್ರ ಇನ್ನಷ್ಟ ಅಳ್ತಿತ್ರಿ ಕೂಸು. ಅದಕ್ಕ ಈ ಆಟಾ ಹೂಡಿ ನನಗ ಬೈಯಾಕ ಕಲಸಿದೆ. ಬೈಯೂ ಮುಂದ ಹೆದರಿಕಿ ಎಲ್ಲಿರ್ತೈತ್ರಿ?" ಎನ್ನುತ್ತಾರೆ ಹೊಳೆವ್ವ, ಪತ್ರಿಕೆಗೆಂದು ಮಾತಾಡಿಸಿದಾಗ.

ಒಳ್ಳೆಯದು ಮಾಡಲು ಹೋದರೆ ಊರು ಸುಮ್ಮನಿರುತ್ತದೆಯೇ? ಉಜ್ವಲಾಳ ಅಜ್ಜ, ಕುರಿ ಕಾಯುವ ಜಕ್ಕಪ್ಪ, ಅಂಗನವಾಡಿಯ ಬಾಗಿಲಿಗೇ ಬಂದು ರೇಗಾಡಿದ: "ಹೊಳಿ ಅಂದ್ರ ತಾಯಿ. ಆಕಿ ಕೂಡ ಚಾಷ್ಟಿ ಮಾಡ್ತೀಯೇನ? ಅಕ್ಷರಾ ಕಲಸಂದ್ರ ಮಂಗ್ಯಾನಾಟ ಕಲಸ್ತಿ!"

"ತಾಯಿ ಕೂಡ ಮಾಡದ ಮತ್ಯಾರ ಕೂಡ ಚಾಷ್ಟಿ ಮಾಡೂದ ಕಾಕಾ?" ಎಂದರು ಹೊಳೆವ್ವ.

ಮರುದಿನ ಜಕ್ಕಪ್ಪ ಮೊಮ್ಮಗಳನ್ನು ಕಳಿಸಲಿಲ್ಲ. ಹೊಳೆವ್ವನಿಗೂ ಹಟ. ಅವನ ಅಂಗಳಕ್ಕೇ ಹೋಗಿ ಚಕ್ಕಳಮಕ್ಕಳ ಹಾಕಿ ಕೂತು "ಏಳಲೊಲ್ಲೆ" ಎಂದರು. ಅಷ್ಟು ದಿನ ಮೂಲೆ ಹಿಡಿದು ಆಟ ನೋಡುತ್ತಿದ್ದ ಉಜ್ವಲಾಗೆ ಅದೆಲ್ಲಿಂದ ಸಿಟ್ಟು ಬಂತೋ, "ಏಳ ಬೇ, ಹೊತ್ತಾತು!" ಎಂದು ಬೈಯುತ್ತ ಕೈ ಹಿಡಿದು ಅಂಗನವಾಡಿಯವರೆಗೆ ಎಳೆತಂದಳು. ಜಕ್ಕಪ್ಪ ಮತ್ತೆ ಅವಳನ್ನು ತಡೆಯಲಿಲ್ಲ.

ಹೋದ ಮಳೆಗಾಲದಲ್ಲಿ ನೀರು ಬಂದೇ ಬಂತು. ಉಜ್ವಲಾ ಎಲ್ಲರಿಗಿಂತ ಮೊದಲು ಬೋಟಿಗೆ ಹಾರಿ, ಅಜ್ಜನನ್ನೂ ಗದರಿಸಿ ಕೂರಿಸಿದಳು. ಕೆಳಗೆ ಉಳಿದವರು ಹೊಳೆವ್ವ. ಕೆಸರಿನಲ್ಲೇ ಕುಕ್ಕರಿಸಿ "ನಾ ಬರಲೊಲ್ಲೆ" ಎಂದರು. ಬೋಟಿನವರು ಅವಸರ ಮಾಡಿದರು, ಬೈದರು. ಮಕ್ಕಳು ಮಾತ್ರ ಗೊಳ್ಳೆಂದು ನಕ್ಕವು. "ಹಪ್ಪಳಾ ಒಣಗಿಲ್ಲೇನ ಆಯಿ?" ಎನ್ನುತ್ತ ಉಜ್ವಲಾ ಇಳಿದು ಬಂದಳು, ಉಳಿದವು ಹಿಂದೆಯೇ ಬಂದವು. ಸೀರೆ, ಕೈ, ಜಡೆ, ಸಿಕ್ಕಿದ್ದನ್ನು ಹಿಡಿದು ಎಳೆದು ಬೋಟಿಗೆ ಕೆಡವಿದವು. ದಾರಿಯುದ್ದಕ್ಕೂ ಒಂದೂ ಅಳಲಿಲ್ಲ.

ಅಂಥ ಹೊತ್ತಿನಲ್ಲೂ ಆಟ ಹೂಡಿದ ನಿಮ್ಮ ಧೈರ್ಯ ದೊಡ್ಡದು ಎಂದರೆ ಹೊಳೆವ್ವ ಸೂಜಿಗೆ ದಾರ ಪೋಣಿಸುತ್ತ ಸಿಡಿಮಿಡಿಗೊಳ್ಳುತ್ತಾರೆ. ಹೆಸರು ಹೊಳೆವ್ವ ಎಂದಾದರೂ ಅವರು ಹುಟ್ಟಿ ಬೆಳೆದದ್ದು ಹೊಳೆಯಿಂದ ದೂರದ ಕೊಕಟನೂರಿನಲ್ಲಿ.

"ಎಲ್ಲೀ ಧೈರ್ಯಾರಿ! ಅವತ್ತ ನಾ ಆಟ ಆಡಿದ್ದಿಲ್ಲ. ನೀರ ನೋಡಿ ಕಾಲಾಗಿನ ಜೀವಾನ ಹೋಗಿತ್ತು. ಪೇಪರದಾಗ ಬೇಕಾದ್ರ ಬರ್ಕೋರಿ, ಹುಡುಗೂರಿಗಿನ್ನ ಓದಾಕ ಬರೂದಿಲ್ಲ. ಅವಕ್ಕ ಬಾಯಿಂದ ಮಾತ್ರ ಹೇಳಬ್ಯಾಡ್ರಿ. ಮಳಿಗಾಲ ಬಂತು. ಈ ಸಲಾನೂ ನನ್ನ ಬೋಟಿಗೆ ಎಳಿಯೂವು ಅವ..."