ಮಾಸ್ತರರ ಎಡಗೈ ಮತ್ತು ಸಿಂದಗಿಯ ಸರ್ವರ್

೨೦೦೫ರಲ್ಲಿ ನಾನು ಒಂದು ಖಾಸಗಿ ಕಂಪ್ಯೂಟರ್ ತರಬೇತಿ ಸಂಸ್ಥೆಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹೆಸರಿಗೆ ದೊಡ್ಡ ಹುದ್ದೆ. ಕೆಲಸವೆಂದರೆ ಒಂದು ಸ್ಕ್ರೂಡ್ರೈವರ್, ಎರಡು ಸಿಡಿ ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಖೆಗಳ ನಡುವೆ ಬಸ್ಸಿನಲ್ಲಿ ಓಡಾಡುವುದು. ಅದಕ್ಕಿಂತ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅನುಕರಣೆ. ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವ ಠೀವಿ, ನಮ್ಮ ಮಾಲೀಕರಾದ ದೊಡ್ಡ ಸರ್ ಫೋನೆತ್ತುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಪರಿ, ಅವರಿಂದ ಬೈಸಿಕೊಳ್ಳುವಾಗ ನಾನೇ ತಲೆ ಕೆರೆದುಕೊಳ್ಳುವ ಚಂದ, ಯಾವುದನ್ನೂ ಬಿಡುತ್ತಿರಲಿಲ್ಲ. ಶಾಖೆಗೆ ಕಾಲಿಟ್ಟರೆ ಜನ ಮೊದಲು ಕೇಳುತ್ತಿದ್ದುದು ಸರ್ವರಿನ ವಿಷಯವನ್ನಲ್ಲ, 'ಇವತ್ತ ಯಾರ್ದು ಮಾಡ್ತೀರಿ?' ಎಂದು.

ಸಿಂದಗಿ ಶಾಖೆಯಲ್ಲಿ ಹನ್ನೆರಡು ಹಳೆಯ ಯಂತ್ರಗಳಿದ್ದವು. ಅವುಗಳಿಗೆ ಸ್ವಂತ ಬುದ್ಧಿ ಇರಲಿಲ್ಲ. ಎಲ್ಲವೂ ಒಂದೇ ಲಿನಕ್ಸ್ ಸರ್ವರಿನ ತಲೆಯಿಂದ ನಡೆಯುತ್ತಿದ್ದವು. ಅದೇ ಸರ್ವರಿನಲ್ಲಿ ವಿದ್ಯಾರ್ಥಿಗಳ ಪರೀಕ್ಷೆಗಾಗಿ ಒಂದು ಪುಟ ಮಾಡಿ 'ಪರೀಕ್ಷಾ' ಎಂದು ಹೆಸರಿಟ್ಟಿದ್ದೆ. ಕಂಪ್ಯೂಟರ್‌ಗಳಿಗೆ ಹೆಸರು ತಿಳಿಯದು, ಅಂಕಿ ಬೇಕು. ಹೆಸರು ಹೇಳಿದರೆ ಅಂಕಿ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್ಎಸ್. ಯಾವ ಡಿಎನ್ಎಸ್ ಅನ್ನು ಕೇಳಬೇಕೆಂಬುದು ಸರ್ವರಿನ ಒಂದು ಚಿಕ್ಕ ಫೈಲಿನಲ್ಲಿರುತ್ತದೆ. ಅಲ್ಲಿ ನಾನು ನಮ್ಮದೇ ಸರ್ವರಿನ ವಿಳಾಸ ಬರೆದಿದ್ದೆ. ಯಾಕೆಂದರೆ 'ಪರೀಕ್ಷಾ' ಎಂಬ ಹೆಸರು ನಮಗಲ್ಲದೆ ಹೊರಗಿನ ಯಾರಿಗೂ ಗೊತ್ತಿರಲಿಲ್ಲ.

ಬ್ರಾಡ್‌ಬ್ಯಾಂಡ್ ಬಂದ ವಾರದಲ್ಲೇ ತೊಂದರೆ ಶುರುವಾಯಿತು. ನಾನು ಮುದ್ದೇಬಿಹಾಳದಲ್ಲಿದ್ದಾಗ ಸಿಂದಗಿಯ ಶಿಕ್ಷಕಿ ರೇಷ್ಮಾ ಫೋನ್ ಮಾಡಿದರು. "ಸರ್, ಬ್ಯಾರೆ ಎಲ್ಲಾ ತೆರೀತಾವ್ರಿ, ಪರೀಕ್ಷಾ ಒಂದ ತೆರೀವಲ್ದು."

ಫೋನಿನಲ್ಲೇ ಹೇಳಿಕೊಡುತ್ತ ಆ ಫೈಲ್ ತೆರೆಸಿದೆ. ನಾನು ಬರೆದ ವಿಳಾಸ ಅಲ್ಲಿರಲಿಲ್ಲ. ಬೇರೆ ಎರಡು ವಿಳಾಸಗಳ ಅಂಕಿಗಳು ಕುಳಿತಿದ್ದವು. ತಿದ್ದಿಸಿದೆ, ಸರಿಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಮೂರನೆಯ ದಿನವೂ ಅದೇ. ಸಂಜೆ ಸರಿಯಿದ್ದದ್ದು ಬೆಳಿಗ್ಗೆ ಕೆಟ್ಟಿರುತ್ತಿತ್ತು.

ಬೆಳಿಗ್ಗೆ ಶಾಖೆಯ ಬಾಗಿಲು ತೆರೆದು ಯಂತ್ರಗಳನ್ನು ಚಾಲೂ ಮಾಡುತ್ತಿದ್ದವರು ಗೊಲ್ಲಾಳಪ್ಪ ಮಾಸ್ತರು. ಹತ್ತಿರದ ಕನ್ನೊಳ್ಳಿ ಊರಿನವರು, ಐವತ್ತು ದಾಟಿದವರು, ಮೊದಲು ಟೈಪಿಂಗ್ ಕಲಿಸುತ್ತಿದ್ದವರು. ಕಂಪ್ಯೂಟರಿನ ಮುಂದೆ ಕೂತರೂ ಸಾಲು ಮುಗಿದೊಡನೆ ಅವರ ಎಡಗೈ ತಾನೇ ಮೇಲೆದ್ದು, ಇಲ್ಲದ ಟೈಪ್‌ರೈಟರಿನ ಹಿಡಿಕೆಯನ್ನು ಗಾಳಿಯಲ್ಲಿ ಬಲಕ್ಕೆ ದೂಡುತ್ತಿತ್ತು. ನನ್ನಂಥವನಿಗೆ ಇದು ಹಬ್ಬದೂಟ. ನಾನು ಅದನ್ನು ಮಾಡಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರೂ ಅವರೇ. "ತಮ್ಮಾ, ಕೈ ಇನ್ನ ಸ್ವಲ್ಪ ಮ್ಯಾಲ ಎತ್ತು," ಎಂದು ತಿದ್ದುತ್ತಿದ್ದರು.

ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸುವುದು ಅವರಿಗೆ ಹಿಡಿಸಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗೆ ಅಷ್ಟು ಸಾಕಾಯಿತು. ಸಿಂದಗಿಗೆ ಬಂದ ದಿನ ಚಹಾದ ಹೊತ್ತಿನಲ್ಲಿ, ದೊಡ್ಡ ಸರ್ ಎದುರಿಗೇ ಆಟ ಹೂಡಿದೆ. ಮಾಸ್ತರರ ಹಾಗೆ ಕಳ್ಳಹೆಜ್ಜೆಯಲ್ಲಿ ಬಂದೆ, ಅತ್ತಿತ್ತ ನೋಡಿದೆ, ಸರ್ವರಿನ ಮುಂದೆ ಕೂತು ಫೈಲ್ ತಿದ್ದಿದೆ, ಸಾಲು ಮುಗಿದಾಗ ಎಡಗೈ ದೂಡಿದೆ. ರೇಷ್ಮಾ ಅವರ ಚಹಾ ನೆತ್ತಿಗೇರಿತು. ದೊಡ್ಡ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಾಸ್ತರು ಮಾತ್ರ ನಗಲಿಲ್ಲ.

"ನಾ ಅದನ್ನ ಮುಟ್ಟಿಲ್ರಿ," ಎಂದರು. "ಬಟನ್ ಒತ್ತೇನಿ. ಅಷ್ಟ."

ನಗೆ ನಿಂತ ಮೇಲೆ ದೊಡ್ಡ ಸರ್ ಗಂಟಲು ಸರಿಮಾಡಿಕೊಂಡರು. "ಕೀಲಿಕೈ ಇಲ್ಲೆ ಇಟ್ಟ ಹೋಗ್ರಿ ಮಾಸ್ತರ. ಒಂದನೇ ತಾರೀಖಿನಿಂದ ಬರೂದ ಬ್ಯಾಡ."

ನಾನು ಆಡಿದ್ದು ಆಟ; ದೊಡ್ಡ ಸರ್ ನೋಡಿದ್ದು ಸಾಕ್ಷಿ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಊಹೆ ನಿಜವೇ ಇರಬಹುದು ಎಂದುಕೊಂಡೆ. ಅಷ್ಟು ಜನ ನಕ್ಕಿದ್ದರಲ್ಲ!

ಮರುದಿನ ಕೀಲಿಕೈ ನನ್ನ ಕೈಯಲ್ಲಿತ್ತು. ನಾನೇ ಬಾಗಿಲು ತೆರೆದೆ, ಸರ್ವರ್ ಮತ್ತು ಮೋಡೆಮ್ ಚಾಲೂ ಮಾಡಿದೆ. ಹಿಂದಿನ ಸಂಜೆ ನಾನೇ ತಿದ್ದಿಟ್ಟ ಫೈಲ್ ತೆರೆದು ನೋಡಿದರೆ, ಅವೇ ಎರಡು ಅಂಕಿಗಳು.

ಒಳಗೆ ನನ್ನ ಹೊರತು ಒಂದು ನೊಣವೂ ಇರಲಿಲ್ಲ. ನಾನು ಮಾಸ್ತರರಿಗೆ ಹಚ್ಚಿದ ಲೆಕ್ಕವನ್ನೇ ನನಗೂ ಹಚ್ಚಿದರೆ ಕಳ್ಳ ನಾನೇ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆ. ಫೈಲ್ ಬದಲಾದ ಸಮಯ ನೋಡಿದೆ. ಸರ್ವರ್ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುವ ಲಾಗ್ ನೋಡಿದೆ. ಬ್ರಾಡ್‌ಬ್ಯಾಂಡ್ ಲೈನ್ ಕೂಡಿಕೊಂಡ ಗಳಿಗೆಯೂ ಫೈಲ್ ಬದಲಾದ ಗಳಿಗೆಯೂ ಒಂದೇ. ಲೈನ್ ಕೂಡಿದಾಗಲೆಲ್ಲ ಇಂಟರ್ನೆಟ್ ಕಂಪನಿ ತನ್ನ ಡಿಎನ್ಎಸ್ ವಿಳಾಸ ಕಳಿಸುತ್ತಿತ್ತು. ಸರ್ವರ್ ನಾನು ಬರೆದದ್ದನ್ನು ಅಳಿಸಿ ಅದನ್ನು ಬರೆದುಕೊಳ್ಳುತ್ತಿತ್ತು. ಹಾಗೆ ಮಾಡು ಎಂದು ಅದಕ್ಕೆ ಹೇಳಿದವರು ಯಾರು? ಬ್ರಾಡ್‌ಬ್ಯಾಂಡ್ ಜೋಡಿಸುವಾಗ ಸೆಟಪ್ ಕೇಳಿದ ಪ್ರಶ್ನೆಗಳನ್ನು ಸರಿಯಾಗಿ ಓದದೆ, ಬಸ್ಸಿಗೆ ಹೊತ್ತಾಯಿತೆಂದು ಒಪ್ಪಿಗೆ ಒತ್ತುತ್ತ ಹೋದ ಸಿಸ್ಟಮ್ ಅಡ್ಮಿನಿಸ್ಟ್ರೇಟರ್.

ತಿಂಗಳ ಕೊನೆಯವರೆಗೆ ಬರಬೇಕಿದ್ದ ಮಾಸ್ತರರೂ ಸೇರಿ ಎಲ್ಲರೂ ಬಂದ ಮೇಲೆ ಎದ್ದು ನಿಂತು ಹೇಳಿದೆ: "ತಪ್ಪು ನಂದು. ಮಾಸ್ತರು ಏನೂ ಮಾಡಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ರೇಷ್ಮಾ ಕೇಳಿದರು, "ಇದ್ಯಾರ್ದ ದನೀರಿ ಸರ್? ಗುರ್ತ ಹತ್ಲಿಲ್ಲ."

ಅದು ನನ್ನದೇ ದನಿಯಾಗಿತ್ತು. ಅಷ್ಟು ದಿನ ಯಾರೂ ಕೇಳಿರಲಿಲ್ಲ. ಇನ್ನೊಮ್ಮೆ ಹೇಳಿದೆ, ಇನ್ನಷ್ಟು ನಕ್ಕರು. ಕೊನೆಗೆ ದೊಡ್ಡ ಸರ್ ಅವರನ್ನು ಸರ್ವರಿನ ಮುಂದೆ ಕೂರಿಸಿದೆ. ಫೈಲ್ ತಿದ್ದಿ ತೋರಿಸಿದೆ; ಕೀಬೋರ್ಡಿನಿಂದ ಕೈ ತೆಗೆದು ಮೋಡೆಮ್ ಆರಿಸಿ ಹೊತ್ತಿಸಿದೆ. ಅವರ ಕಣ್ಣೆದುರಿಗೇ ಅಂಕಿಗಳು ಬದಲಾದವು. ಯಾರೂ ನಗಲಿಲ್ಲ. ದೊಡ್ಡ ಸರ್ ಕೀಲಿಕೈ ಎತ್ತಿ ಮಾಸ್ತರರ ಮುಂದಿಟ್ಟು, "ದಿನಾ ಬಾಗ್ಲಾ ನೀವ ತೆಗೀರಿ," ಎಂದರು. ಸೆಟಪ್ಪಿನ ಆ ಒಂದು ಉತ್ತರ ಬದಲಿಸಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬಂದು ಕ್ಷಮೆ ಕೇಳಿದೆ. ಮಾಸ್ತರು ಕೀಲಿಕೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. "ನನ್ನಂಗ ಮಾಡಿ ತೋರ್ಸ್ರಿ ಸರ್, ನಾನೂ ನಗ್ತೇನಿ. ನಾ ಮಾಡದ್ದನ್ನ ಮಾಡಿ ತೋರ್ಸಬ್ಯಾಡ್ರಿ."

'ತಮ್ಮಾ' ಎನ್ನುತ್ತಿದ್ದವರು 'ಸರ್' ಎಂದಿದ್ದರು.

ಸರ್ವರಿನಲ್ಲಿ ಏನಾದರೂ ತಾನಾಗಿ ಬದಲಾದರೆ ಮನುಷ್ಯರ ಮುಖ ನೋಡುವ ಮೊದಲು ಲಾಗ್ ನೋಡಬೇಕು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಇದನ್ನು ಎಲ್ಲಿ ಕಲಿತೆ ಎಂದು ಅವರು ಕೇಳಿದರೆ ಸಿಂದಗಿ ಎನ್ನುತ್ತೇನೆ, ಅಷ್ಟೇ. ಆ ಶಾಖೆಗೆ ಮತ್ತೂ ಎರಡು ವರ್ಷ ಹೋಗಿಬಂದೆ. ಮಾಸ್ತರು ಚಹಾ ಕೊಡಿಸಿದರು, ಮಾತಾಡಿಸಿದರು. ಆದರೆ ನಾನು ಕೋಣೆಯಲ್ಲಿದ್ದರೆ, ಟೈಪ್ ಮಾಡುತ್ತ ಸಾಲಿನ ಕೊನೆಗೆ ಬಂದಾಗ, ಅವರ ಎಡಗೈ ಏಳುತ್ತಿರಲಿಲ್ಲ. ಅದನ್ನು ಅವರು ಮೇಜಿನಂಚಿಗೆ ಒತ್ತಿ ಹಿಡಿಯುತ್ತಿದ್ದರು.