ಲಕ್ಷ್ಮಣನ ಕಿವಿಯೊಳಗಿನ ಬೇರಿಂಗ್

ಸಿಂಧನೂರಿನ ಮಸ್ಕಿ ರಸ್ತೆಯಲ್ಲಿರುವ ಅಮರಗುಂಡಪ್ಪನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಲಕ್ಷ್ಮಣ ದಿನಗೂಲಿ ಮೆಕ್ಯಾನಿಕ್. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ತನ್ನ ತಲೆಯ ಬಗ್ಗೆ ಅವನಿಗೇ ಗೌರವವಿರಲಿಲ್ಲ. ಅದರ ಎರಡು ಬದಿಯ ಕಿವಿಗಳ ಬಗ್ಗೆ ಮಾತ್ರ ಇತ್ತು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೊತ್ತಿಕೊಂಡರೆ ಸಾಕು, ಯಾವ ಬೇರಿಂಗ್ ಸವೆದಿದೆಯೆಂದು ಹೇಳಿಬಿಡುತ್ತಿದ್ದ. ಅವನ ಅನ್ನ ಇದ್ದದ್ದು ಆ ಕಿವಿಯಲ್ಲೇ.

ಮಲೇರಿಯಾ ಬಂದು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ. ಏಳು ದಿನದ ಕ್ವಿನೈನ್‌ನಲ್ಲಿ ಉಳಿದ ಮಾತ್ರೆಗಳನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಮರಳಿದ. ಅಂದೇ ದಢೇಸುಗೂರಿನ ಬಸವಂತರಾಯರು ಆಯಿಲ್ ಬದಲಿಸಲು ಟ್ರ್ಯಾಕ್ಟರ್ ತಂದರು. ಲಕ್ಷ್ಮಣ ಕಿವಿಗೊಟ್ಟ. ಕುಂಯ್ ಎಂಬ ಸಣ್ಣ ಸದ್ದು.

“ಗೇರ್‌ಬಾಕ್ಸ್ ಬೇರಿಂಗ್ ಹೋಗೈತ್ರೀ.”

ಸಂಜೆಯ ಹೊತ್ತಿಗೆ ಎಲ್ಲ ಬಿಚ್ಚಿದ್ದಾಯಿತು. ಬೇರಿಂಗುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. “ಆದ್ರೂ ಕೂಗಾಕತ್ತೈತ್ರೀ!” ಎಂದ ಲಕ್ಷ್ಮಣ.

“ಬಿಚ್ಚಿಟ್ಟ ಗಾಡಿ ಕೂಗ್ತೈತೇನಲೇ?” ಎಂದರು ಬಸವಂತರಾಯರು.

ಲಕ್ಷ್ಮಣ ಎರಡೂ ಕಿವಿ ಮುಚ್ಚಿಕೊಂಡ. ಕುಂಯ್ ಎಂಬುದು ಒಳಗೇ ಕೇಳಿಸಿತು.

ಮರುದಿನ ಆಸ್ಪತ್ರೆಗೆ ಹೋದಾಗ ಮಲೇರಿಯಾಕ್ಕೆ ಔಷಧಿ ಕೊಟ್ಟಿದ್ದ ಡಾಕ್ಟರ್ ಶಿವಕುಮಾರಿ ಬೈದರು: “ಆಸ್ಪತ್ರ್ಯಾಗ ಇದ್ದಾಗ ಯಾಕ ಹೇಳ್ಲಿಲ್ಲ?”

“ಇಲ್ಲಿ ಫ್ಯಾನಿನ ಸದ್ದು ಅನ್ಕೊಂಡೆ ರೀ, ಗ್ಯಾರೇಜಿನಾಗ ಬೇರಿಂಗ್ ಅನ್ಕೊಂಡೆ. ತಲಿ ಮ್ಯಾಗ ಅನುಮಾನ ಬರ್ಲಿಲ್ಲ. ಅದ್ರಾಗ ಏನೂ ಓಡಂಗಿಲ್ಲ ಅಂತ ಗೊತ್ತಿತ್ತಲ್ರೀ.”

ಅವರು ನಗಲಿಲ್ಲ. ಕಿವಿ, ರಕ್ತ ಎರಡನ್ನೂ ಪರೀಕ್ಷಿಸಿದರು. “ಕ್ವಿನೈನ್ ತಗೊಂಡ್ರ ಕಿವ್ಯಾಗ ಹಿಂಗ ಸದ್ದಾಗ್ತದ. ಮುಗಿದ ಮ್ಯಾಲೆ ಭಾಳ ಮಂದಿಗೆ ತಾನಾಗೇ ಹೋಗ್ತದ. ಸದ್ದು ಜಾಸ್ತಿ ಆದ್ರ, ಕಿವಿ ಮಂದ ಆದ್ರ ಅವತ್ತೇ ಬಾ. ನನ್ನ ಕೇಳಲಾರ್ದ ಮಾತ್ರೆ ಬಿಡಬ್ಯಾಡ.”

“ಹೋಗದಿದ್ರ ರೀ?”

“ಮೊದ್ಲು ಮಾತ್ರೆ ಕೋರ್ಸ್ ಮುಗಿಸು.”

ಗ್ಯಾರೇಜಿನಲ್ಲಿ ಲಕ್ಷ್ಮಣ ಹೊಸ ಕ್ರಮ ಹಿಡಿದ. ಸದ್ದು ಕೇಳಿದೊಡನೆ, “ಬಂದ್ ಮಾಡ್ರಿ.” ಇಂಜಿನ್ ನಿಂತ ಮೇಲೂ ಕೂಗಿದರೆ ಅದು ತನ್ನದು, ನಿಂತರೆ ಗಾಡಿಯದು. ಗಿರಾಕಿಗಳು ಇದೇನೋ ಹೊಸ ವಿದ್ಯೆ ಎಂದುಕೊಂಡರು. ಅವನೂ ತಿದ್ದಲು ಹೋಗಲಿಲ್ಲ. ದಿನವೂ ಬಂದ್ ಮಾಡಿಸಿದ, ದಿನವೂ ಅದು ಕೂಗಿತು.

ಮಾತ್ರೆ ಮುಗಿದ ಐದನೇ ದಿನ ಪಾಮನಕಲ್ಲೂರಿನ ಹುಸೇನಪ್ಪ ತನ್ನ ಟ್ರ್ಯಾಕ್ಟರ್ ತಂದ. ಇಂಜಿನ್ ಚಾಲೂ ಆಯಿತು. ಕುಂಯ್.

“ಬಂದ್ ಮಾಡಪ್ಪಾ.”

ನಿಂತಿತು. ಅಮರಗುಂಡಪ್ಪ ಸಾಸರಿನಿಂದ ಚಹಾ ಸೊರ್ರೆಂದು ಹೀರಿದ್ದು ಕೇಳಿಸಿತು. ಅದರಾಚೆ ಏನೂ ಇಲ್ಲ.

“ಮತ್ತೊಮ್ಮೆ ಚಾಲೂ ಮಾಡು!”

ಕುಂಯ್.

“ಬೇರಿಂಗ್ ಹೋಗೈತೋ! ಪೂರಾ ಹೋಗೈತಿ!” ಲಕ್ಷ್ಮಣ ಹುಸೇನಪ್ಪನ ಎರಡೂ ಕೈ ಹಿಡಿದುಕೊಂಡ.

“ನನ್ನ ಬೇರಿಂಗ್ ಹೋದ್ರ ನಿನಗ್ಯಾಕಲೇ ಇಷ್ಟು ಹಿಗ್ಗು?”

“ಮೊದಲ ಬಿಚ್ಚಿ ತೋರ್ಸು,” ಎಂದ ಅಮರಗುಂಡಪ್ಪ.

ಲಕ್ಷ್ಮಣ ಬಿಚ್ಚಿ, ಬೇರಿಂಗನ್ನು ಅಮರಗುಂಡಪ್ಪನ ಕಿವಿಯ ಬಳಿ ಹಿಡಿದು ತಿರುಗಿಸಿದ. ಅದು ಕರಕರ ಎಂದಿತು.